ಲಸಿಕೆಗೆ ಅಡ್ಡಿ ಧರ್ಮವೆ? – ಒಂದು ವಿಮರ್ಶೆ

2017ರ ಫೆಬ್ರುವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಹಾಗೂ ಲಕ್ಷದ್ವೀಪಗಳಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. 9 ತಿಂಗಳು ತುಂಬಿದ ಕೂಸಿನಿಂದ ಹಿಡಿದು 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೊಂದು ಚುಚ್ಚುಮದ್ದು. ಗುರಿ ಸುಮಾರು 3.6 ಕೋಟಿ ಮಕ್ಕಳು. ಶಾಲೆಗಳೇ ಲಸಿಕಾ ಕೇಂದ್ರಗಳಾದುದರಿಂದ ಪೋಷಕರ ಪ್ರಶ್ನೆಗಳು ವೈದ್ಯರಿಗಿಂತ ಮೊದಲು ಶಿಕ್ಷಕರ ಮುಂದೆ ಬಂದವು. ಲಸಿಕೆ ಶಾಲೆಗೆ ತಲುಪುವ ಮೊದಲೇ ಮೊಬೈಲ್ ಫೋನುಗಳಿಗೆ ವದಂತಿ ತಲುಪಿತ್ತು. ಮುಂದೆ ಮಕ್ಕಳಾಗದಂತೆ ಮಾಡುವ ಮದ್ದು ಇದು, ಒಂದು ಕೋಮಿನ ಸಂಖ್ಯೆ ಕುಗ್ಗಿಸುವ ಉಪಾಯ ಇದು ಎಂಬ ಮಾತುಗಳು ಹರಿದಾಡಿದವು. ಕೆಲವೆಡೆ ಪೋಷಕರು ಒಪ್ಪಿಗೆ ಕೊಡಲಿಲ್ಲ. ಕೆಲವರು ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ.

ಇಂಥ ಸಂದರ್ಭಗಳಲ್ಲಿ ವರದಿಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಒಂದು ವಾಕ್ಯ ಸಿದ್ಧವಾಗಿ ಕಾದಿರುತ್ತದೆ: ‘ಧಾರ್ಮಿಕ ಕಾರಣಗಳಿಂದ ಲಸಿಕೆಯನ್ನು ನಿರಾಕರಿಸಿದರು.’ ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆ ವಾಕ್ಯ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ವಿಜ್ಞಾನದಲ್ಲಿ ಒಂದು ಕಾರಣವನ್ನು ಹೇಳಿದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಬೇಕಲ್ಲವೆ?

ಪರೀಕ್ಷೆಗೆ ಮೂಡುಬಿದಿರೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಜೈನಕಾಶಿ ಎಂದು ಹೆಸರಾದ ಈ ಊರಿನಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಸೇರಿ 18 ಬಸದಿಗಳಿವೆ. ದೇವಸ್ಥಾನ, ದೈವಸ್ಥಾನ, ಇಗರ್ಜಿ, ಮಸೀದಿಗಳೂ ಇವೆ. ಬಂಟ್ವಾಳ, ಬೆಳ್ತಂಗಡಿ ಕಡೆಗೂ ಇದೇ ಚಿತ್ರ. ಇಲ್ಲಿನ ಶಾಲೆಯೊಂದರ ಏಳನೆಯ ತರಗತಿಯಲ್ಲಿ ಜೈನ, ಕೆಥೊಲಿಕ್, ಬ್ಯಾರಿ ಮತ್ತು ದೈವಾರಾಧಕ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವುದು ಸಾಮಾನ್ಯ. ಅವರೆಲ್ಲರ ತೋಳಿಗೂ ಹೋಗುವುದು ಒಂದೇ ಲಸಿಕೆ. ಆ ಲಸಿಕೆಯ ಬಗ್ಗೆ ಆ ಧರ್ಮಗಳು ಏನು ಹೇಳುತ್ತವೆ?

ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು 2013ರಲ್ಲಿ ‘ವ್ಯಾಕ್ಸಿನ್’ ಎಂಬ ನಿಯತಕಾಲಿಕದಲ್ಲಿ ಜಾನ್ ಗ್ರಾಬೆನ್‌ಸ್ಟೈನ್ ಬರೆದ ದೀರ್ಘ ಸಮೀಕ್ಷೆಯನ್ನು. ಜಗತ್ತಿನ ಪ್ರಮುಖ ಧರ್ಮಗಳ ಬೋಧನೆಗಳನ್ನು ಲಸಿಕೆಯ ಪ್ರಶ್ನೆಗೆ ಹಚ್ಚಿ ನೋಡಿದ ಲೇಖನ ಅದು. ಲೇಖಕರು ಆಗ ಒಂದು ದೊಡ್ಡ ಲಸಿಕಾ ಕಂಪನಿಯ ಉದ್ಯೋಗಿ ಎಂಬುದನ್ನು ಓದುಗರು ನೆನಪಿಡಬೇಕು. ಆದರೂ ಅವರು ಕಂಡುಕೊಂಡ ಮುಖ್ಯ ಸಂಗತಿಯನ್ನು ಅಲ್ಲಗಳೆಯುವುದು ಸುಲಭವಲ್ಲ. ಲಸಿಕೆಯನ್ನು ಶಾಸ್ತ್ರಾಧಾರದ ಮೇಲೆ ನಿಷೇಧಿಸುವ ಧರ್ಮಗಳು ತೀರ ಕಡಿಮೆ. ಧರ್ಮದ ಹೆಸರಿನಲ್ಲಿ ಬರುವ ನಿರಾಕರಣೆಯಲ್ಲಿ ಬಹುಪಾಲು, ಒಂದು ಶ್ರದ್ಧೆಯ ಸುತ್ತ ಒಗ್ಗೂಡಿದ ಜನರೊಳಗೆ ಹರಡಿದ ಸುರಕ್ಷತೆಯ ಭಯ. ದೇವತಾಶಾಸ್ತ್ರಕ್ಕೂ ಅದಕ್ಕೂ ಸಂಬಂಧ ಅಲ್ಪ.

ಲೇಖನ ಉಪಯುಕ್ತ. ಆದರೆ ಅದರ ವಿಧಾನದಲ್ಲಿ ಒಂದು ಕೊರತೆಯಿದೆ. ಅದು ಗ್ರಂಥಗಳನ್ನು ಕೇಳುತ್ತದೆ. ಗ್ರಂಥವಿಲ್ಲದ ಶ್ರದ್ಧೆಯನ್ನು ಏನು ಕೇಳಬೇಕೆಂಬುದು ಅದಕ್ಕೆ ಗೊತ್ತಿಲ್ಲ. ತುಳುನಾಡಿನ ಮಾರಿಯನ್ನು ಅದು ಯಾವ ಪಟ್ಟಿಗೆ ಸೇರಿಸೀತು?

ಮಾರಿಯೂ ಪಾಲೆ ಕಷಾಯವೂ

ಸಿಡುಬನ್ನು ಕನ್ನಡ ನಾಡಿನಲ್ಲಿ ‘ಅಮ್ಮ’, ‘ದೇವಿ’, ‘ಮೈಲಿ’ ಎಂದೆಲ್ಲ ಕರೆಯುತ್ತಿದ್ದರು. ಕರಾವಳಿಯಲ್ಲಿ ಮಾರಿಗುಡಿಗಳಿವೆ. ಕಾಪುವಿನಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆಗಳು ನಡೆಯುತ್ತವೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಬಿರುಮಳೆಯ ಕಾಲದಲ್ಲಿ, ತೆಂಗಿನ ತಿರಿ ಉಟ್ಟು ಓಲೆಯ ಕೊಡೆ ಹಿಡಿದ ಆಟಿ ಕಳೆಂಜ ತೆಂಬರೆಯ ಬಡಿತಕ್ಕೆ ಕುಣಿಯುತ್ತ ಮನೆಮನೆಗೆ ಬಂದು ರೋಗರುಜಿನವನ್ನು ಊರಾಚೆ ಕಳೆಯುತ್ತಾನೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯೋದಯಕ್ಕೆ ಮುಂಚೆ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಅದರ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತ್ಯದ ಗಂಜಿ. ಮರದ ಸಸ್ಯಶಾಸ್ತ್ರೀಯ ಹೆಸರು ಆಲ್ಸ್ಟೋನಿಯ ಸ್ಕೊಲಾರಿಸ್. ಈ ಒಂದು ದಿನದ ಕಷಾಯ ವರ್ಷವಿಡೀ ರೋಗ ತಡೆಯುತ್ತದೆ ಎಂಬುದಕ್ಕೆ ಪ್ರಾಯೋಗಿಕ ಆಧಾರವಿಲ್ಲ. (ನಸುಕಿನ ಕತ್ತಲಲ್ಲಿ ಪಾಲೆಯ ಬದಲು ಕಾಸರಕನ ತೊಗಟೆ ತೆಗೆದರೆ ಅನಾಹುತವೇ ಆದೀತು, ಅದರಲ್ಲಿರುವುದು ಸ್ಟ್ರಿಕ್ನಿನ್.)

ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ‘ಆರೋಗ್ಯವಾಗಿರುವ ಮಗುವಿಗೆ ಯಾಕೆ ಮದ್ದು?’ ಎಂಬುದು ಲಸಿಕೆಗೆ ಎದುರಾಗುವ ಅತ್ಯಂತ ಹಳೆಯ ಆಕ್ಷೇಪ. ಪಾಲೆ ಕಷಾಯ ಕುಡಿಯುವ ಮನೆಯಲ್ಲಿ ಈ ಆಕ್ಷೇಪ ಹುಟ್ಟಬಾರದು. ಬರಲಿರುವ ರೋಗಕ್ಕೆ ಇಂದೇ ಕಹಿ ಉಣ್ಣುವುದು ಅವರಿಗೆ ಸಹಜ. ಅಂದರೆ ಇಲ್ಲಿನ ಶ್ರದ್ಧೆ ತಡೆಗಟ್ಟುವಿಕೆಯ ವಿಚಾರಕ್ಕೆ ವಿರೋಧಿಯಲ್ಲ. ಕಷಾಯ ಕೊಡುವವರು ಅಜ್ಜಿ, ಚುಚ್ಚುವವರು ಅಪರಿಚಿತರು, ವ್ಯತ್ಯಾಸ ಅಲ್ಲಿದೆ.

ಸಿಡುಬಿನ ಇತಿಹಾಸ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಜೆನ್ನರ್‌ಗೂ ಮುಂಚೆ ಬಂಗಾಳದಲ್ಲಿ ‘ಟೀಕಾದಾರ’ರು ಸಿಡುಬಿನ ಕೀವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ಹಚ್ಚಿ ಸೌಮ್ಯ ರೋಗ ಬರಿಸುತ್ತಿದ್ದರು; ಜೊತೆಗೆ ಶೀತಲಾದೇವಿಯ ಪೂಜೆ, ಪಥ್ಯ. 1767ರಲ್ಲಿ ಹಾಲ್ವೆಲ್ ಎಂಬ ವೈದ್ಯ ಇದನ್ನು ವಿವರವಾಗಿ ಬರೆದಿದ್ದಾನೆ. ಸಿಡುಬಿನ ದೇವತೆ ಮುಂಜಾಗ್ರತೆಗೆ ಅಡ್ಡ ಬರಲಿಲ್ಲ. ಮುಂಜಾಗ್ರತೆ ಆಕೆಯ ಸಮ್ಮುಖದಲ್ಲೇ ನಡೆಯಿತು. ಜೆನ್ನರ್‌ನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜೂನ್ 14ರಂದು ಮುಂಬಯಿಯ ಮೂರು ವರ್ಷದ ಹುಡುಗಿ ಆನಾ ಡಸ್ಟ್‌ಹಾಲ್ ಅದನ್ನು ಪಡೆದ ಮೊದಲಿಗಳು. ಆಗ ಶೀತಕ ಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ದಾಟಿಸುತ್ತ ಲಸಿಕೆ ಊರಿಂದ ಊರಿಗೆ ಪ್ರಯಾಣ ಮಾಡುತ್ತಿತ್ತು. ಯಾರ ಮೈಯ ರಸ ಯಾರ ಮೈಗೆ? ಜಾತಿಯ ಮಡಿಮೈಲಿಗೆ ಗಾಢವಾಗಿದ್ದ ಸಮಾಜದಲ್ಲಿ ಆಕ್ಷೇಪ ಬರದೆ ಇರುತ್ತದೆಯೆ? ತೋಳಿನಿಂದ ತೋಳಿಗೆ ಸಾಗಿಸುವಾಗ ಸಿಫಿಲಿಸ್‌ನಂಥ ರೋಗಗಳೂ ದಾಟಬಲ್ಲವೆಂಬುದು ಮುಂದೆ ಯೂರೋಪಿನಲ್ಲೇ ಸಿದ್ಧವಾಯಿತು. ಮಡಿಯ ಭಾಷೆಯಲ್ಲಿ ಹೇಳಿದ ಆ ಆತಂಕದೊಳಗೆ ಒಂದು ನಿಜವಾದ ಅಪಾಯವೂ ಅಡಗಿತ್ತು.

ಮೈಸೂರಿನಲ್ಲಿ ಅರಮನೆಯೇ ಮುಂದೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡದ್ದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿತೆಂದು 1806ರ ದಾಖಲೆ ಹೇಳುತ್ತದೆ. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಮೂವರು ಅರಮನೆಯ ಹೆಂಗಸರ ಚಿತ್ರವನ್ನು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಇದರೊಂದಿಗೆ ಜೋಡಿಸಿದ್ದಾರೆ. ಸೆರಗು ಸರಿಸಿ ತೋಳು ತೋರಿಸುತ್ತಿರುವ ಯುವತಿ ಆ ರಾಣಿಯೇ ಎಂಬುದು ಅವರ ವ್ಯಾಖ್ಯಾನ.

ನಮ್ಮ ಕರಾವಳಿ ಆಗ ಮೈಸೂರಿಗೆ ಸೇರಿರಲಿಲ್ಲ, ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನವರು ಹಿಡಿದ ದಾರಿ ಬೇರೆ. ಲಸಿಕೆಯನ್ನು ಹಿಂದೂಗಳಿಗೆ ಒಪ್ಪಿಸಲು ಎಫ್. ಡಬ್ಲ್ಯು. ಎಲ್ಲಿಸ್ ಎಂಬ ವಿದ್ವಾಂಸ ಅಧಿಕಾರಿ ಒಂದು ಪುರಾಣವನ್ನೇ ಕಟ್ಟಿದ. ಶಕ್ತಿದೇವಿಗೂ ಧನ್ವಂತರಿಗೂ ನಡೆದ ಸಂವಾದದ ರೂಪದಲ್ಲಿ, ಹಸುವಿನ ಸಿಡುಬಿನಿಂದ ಬರುವ ರಕ್ಷೆ ದೇವಿಯ ವರ ಎಂದು ಸಾರುವ ಕಥೆ. 1819ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ, ಧನ್ವಂತರಿಯ ಪ್ರಾಚೀನ ಗ್ರಂಥವೊಂದರಲ್ಲಿ ಹಸುವಿನ ಕೆಚ್ಚಲಿನ ಗುಳ್ಳೆಯ ರಸದಿಂದ ಲಸಿಕೆ ಹಾಕುವ ವಿಧಾನವಿದೆ ಎಂಬ ಪತ್ರವೂ ಪ್ರಕಟವಾಯಿತು. ಆ ಗ್ರಂಥವನ್ನು ಕಂಡವರಿಲ್ಲ. 1987ರಲ್ಲಿ ಸಂಸ್ಕೃತ ವಿದ್ವಾಂಸ ಡಾಮಿನಿಕ್ ವುಜಾಸ್ಟಿಕ್ ಈ ಎಳೆಗಳನ್ನೆಲ್ಲ ಬಿಡಿಸಿ, ಜೆನ್ನರ್‌ಗೆ ಮುಂಚಿನ ಭಾರತೀಯ ಗೋಸಿಡುಬು ಲಸಿಕೆಗೆ ಆಧಾರವಿಲ್ಲವೆಂದೂ ಇದೊಂದು ಸದುದ್ದೇಶದ ವಂಚನೆಯೆಂದೂ ತೋರಿಸಿದರು.

ಉದ್ದೇಶ ಒಳ್ಳೆಯದೇ. ಫಲ ಏನಾಯಿತು? ಲಸಿಕೆ ಹರಡಲು ಅದು ಎಷ್ಟು ನೆರವಾಯಿತೋ, ಸುಳ್ಳಂತೂ ಚೆನ್ನಾಗಿ ಹರಡಿತು. ಪಾಶ್ಚಾತ್ಯ ವೈದ್ಯಕೀಯ ಇತಿಹಾಸಗಳಿಗೂ ನುಗ್ಗಿತು. ‘ಲಸಿಕೆ ನಮ್ಮ ಪೂರ್ವಿಕರಿಗೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು, ಧನ್ವಂತರಿಯೇ ಬರೆದಿದ್ದಾನೆ’ ಎಂಬ ಮಾತನ್ನು ಇಂದಿಗೂ ಶಾಲಾ ಭಾಷಣಗಳಲ್ಲಿ ಕೇಳಬಹುದು. ಒಬ್ಬ ಇಂಗ್ಲಿಷ್ ಅಧಿಕಾರಿಯ ಪ್ರಚಾರತಂತ್ರ ನಮ್ಮ ಹೆಮ್ಮೆಯ ವಿಷಯವಾಗಿಬಿಟ್ಟಿದೆ! ನಿಜವಾಗಿ ಹೆಮ್ಮೆಪಡಬಹುದಾದ ಟೀಕಾದಾರರ ವಿಷಯ ಮಾತ್ರ ಪಾಠದಲ್ಲಿ ಬರುವುದು ಅಪರೂಪ.

ಸೀಸೆಯೊಳಗೆ ಏನಿದೆ?

ಎಲ್ಲಿಸ್‌ನ ವಿಧಾನ ಇನ್ನೂ ಸತ್ತಿಲ್ಲ. ‘ನಿಮ್ಮ ಧರ್ಮ ಇದನ್ನು ಒಪ್ಪುತ್ತದೆ, ಹಾಕಿಸಿಕೊಳ್ಳಿ’ ಎಂದು ಹೇಳಿ, ಸೀಸೆಯೊಳಗೆ ಏನಿದೆ ಎಂಬ ಪ್ರಶ್ನೆಯನ್ನು ದಾಟಿಬಿಡುವುದು ಅದರ ಇಂದಿನ ರೂಪ. ನಮ್ಮ ಕರಪತ್ರಗಳಲ್ಲಿ ‘ಲಸಿಕೆ ಸಂಪೂರ್ಣ ಸುರಕ್ಷಿತ’ ಎಂಬ ವಾಕ್ಯ ದಪ್ಪಕ್ಷರದಲ್ಲಿರುತ್ತದೆ. ಅದು ಯಾವುದರಿಂದ ಆಗಿದೆ ಎಂಬ ವಾಕ್ಯವನ್ನು ಹುಡುಕಬೇಕು. ಧಾರ್ಮಿಕ ಎನ್ನಿಸಿಕೊಳ್ಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ವಾಸ್ತವವಾಗಿ ತಯಾರಿಕೆಯ ಪ್ರಶ್ನೆಗಳು. ಅವಕ್ಕೆ ಉತ್ತರ ಕೊಡಬೇಕಾದವರು ರಸಾಯನವಿಜ್ಞಾನ, ಜೀವವಿಜ್ಞಾನ ಕಲಿತವರು.

2017ರ ಲಸಿಕೆಯನ್ನೇ ತೆಗೆದುಕೊಳ್ಳೋಣ. ಅದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ್ದು. ಅದರಲ್ಲಿ ದಡಾರದ ಎಡ್‌ಮನ್‌ಸ್ಟನ್–ಝಗ್ರೆಬ್ ತಳಿ ಮತ್ತು ರುಬೆಲ್ಲಾದ ಆರ್‌ಎ 27/3 ತಳಿ ಎಂಬ ದುರ್ಬಲಗೊಳಿಸಿದ ಎರಡು ಜೀವಂತ ವೈರಸ್‌ಗಳಿವೆ. ವೈರಸ್ ಜೀವಕೋಶದೊಳಗಲ್ಲದೆ ಬೆಳೆಯದು. ಇವೆರಡನ್ನೂ ಮಾನವ ಜೀವಕೋಶಗಳ ಕೃಷಿಯಲ್ಲಿ ಬೆಳೆಸುತ್ತಾರೆ. ಬಳಿಕ ತಣ್ಣಗೆ ಒಣಗಿಸಿ ಪುಡಿ ಮಾಡುತ್ತಾರೆ. ಒಣಗಿಸುವಾಗ ಮತ್ತು ಸಾಗಿಸುವಾಗ ವೈರಸ್ ಹಾಳಾಗದಂತೆ ಕಾಯಲು ಸಾರ್ಬಿಟಾಲ್, ಕೆಲವು ಅಮೈನೊ ಆಮ್ಲಗಳು ಮತ್ತು ಭಾಗಶಃ ಜಲವಿಭಜನೆಗೊಂಡ ಜಿಲೆಟಿನ್ ಸೇರಿಸುತ್ತಾರೆ. ಜಿಲೆಟಿನ್ ಪ್ರಾಣಿಗಳ ಚರ್ಮ, ಎಲುಬುಗಳ ಕೊಲಾಜೆನ್‌ನಿಂದ ಬರುವ ಪ್ರೋಟೀನು. ಎಲ್ಲ ಲಸಿಕೆಗಳಲ್ಲೂ ಇದು ಇರುವುದಿಲ್ಲ. ಪೋಲಿಯೊ ಹನಿಯಲ್ಲಿ ವೈರಸ್ಸನ್ನು ಕಾಯುವುದು ಮೆಗ್ನೀಸಿಯಂ ಕ್ಲೋರೈಡ್; ಪೆಂಟಾವ್ಯಾಲೆಂಟ್ ಲಸಿಕೆಯಲ್ಲಿರುವುದು ಅಲ್ಯೂಮಿನಿಯಂ ಲವಣ.

ಈಗ ಆ ಬೆಂಚಿನ ಮೇಲಿನ ಮಕ್ಕಳ ಮನೆಗಳಿಗೆ ಹೋಗೋಣ. ಕೆಥೊಲಿಕ್ ಮನೆಯ ಪ್ರಶ್ನೆ ಮಾನವ ಜೀವಕೋಶಗಳದ್ದು. ಆ ಕೋಶಸಾಲುಗಳು 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣಗಳಿಂದ ಪಡೆದವು. ಇಂದಿಗೂ ಅವೇ ಮೂಲ ಕೋಶಗಳ ಸಂತತಿಯನ್ನು ಬಳಸುತ್ತಾರೆ, ಹೊಸ ಭ್ರೂಣಗಳನ್ನಲ್ಲ. ವ್ಯಾಟಿಕನ್ನಿನ ಜೀವನ ಕುರಿತ ಅಕಾಡೆಮಿ 2005ರಲ್ಲಿ ಇದನ್ನು ಪರಿಶೀಲಿಸಿತು. ಬೇರೆ ಲಸಿಕೆಗಾಗಿ ಒತ್ತಾಯಿಸಬೇಕು, ಆದರೆ ಅದು ಸಿಗುವ ತನಕ ಮಕ್ಕಳ ಹಾಗೂ ಗರ್ಭಿಣಿಯರ ರಕ್ಷಣೆಗೆ ಇರುವುದನ್ನು ಬಳಸಬಹುದು ಎಂಬುದು ಅದರ ನಿಲುವು. 2017ರಲ್ಲಿ ಅದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ಗರ್ಭಿಣಿಯರ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ರುಬೆಲ್ಲಾ ತಗಲಿದ ತಾಯಂದಿರ ಕೂಸುಗಳಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆ ಬರುವುದನ್ನು ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಗುರುತಿಸಿದ್ದ. ಕಿವುಡುತನ, ಹೃದಯದ ದೋಷಗಳೂ ಆ ಕೂಸುಗಳನ್ನು ಕಾಡುತ್ತವೆ. ಭ್ರೂಣದ ಬಗ್ಗೆ ಕಳಕಳಿಯಿರುವ ಧರ್ಮಕ್ಕೆ ಈ ಲಸಿಕೆ ಎರಡೂ ಕಡೆಯಿಂದ ಪ್ರಶ್ನೆ ಹಾಕುತ್ತದೆ.

ಜೈನ ಮನೆಯ ಪ್ರಶ್ನೆ ಹಿಂಸೆಯದು. ನೀರನ್ನು ಸೋಸಿ ಕುಡಿಯುವ, ಕತ್ತಲಾದ ಮೇಲೆ ಉಣ್ಣದ ಸಂಪ್ರದಾಯ ಅವರದು; ಕಣ್ಣಿಗೆ ಕಾಣದ ಜೀವಿಗಳ ಕಲ್ಪನೆ ಸೂಕ್ಷ್ಮದರ್ಶಕಕ್ಕಿಂತ ಎಷ್ಟೋ ಹಳೆಯದು. (ಆ ಜೀವಿಗಳೇ ಬ್ಯಾಕ್ಟೀರಿಯ ಎಂದು ಹೇಳಿ ಪೂರ್ವಿಕರಿಗೆ ಮತ್ತೊಂದು ಪದಕ ಕೊಡುವುದು ಬೇಡ.) ಹಾಗಿದ್ದೂ ಜೈನರು ಲಸಿಕೆಯನ್ನು ವಿರೋಧಿಸುವ ಸಮುದಾಯವಾಗಲಿಲ್ಲ. ಕಾರಣ ಅವರ ಶಾಸ್ತ್ರದಲ್ಲೇ ಇದೆ ಎಂದು ನನಗೆ ತೋರುತ್ತದೆ. ಹಿಂಸೆಯನ್ನು ಅವರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಅಡುಗೆ, ಕಸುಬು, ಆತ್ಮರಕ್ಷಣೆಗಳಲ್ಲಿ ಆಗುವುದನ್ನು ಗೃಹಸ್ಥ ಪೂರ್ತಿ ತಪ್ಪಿಸಲಾರ, ಆದಷ್ಟು ಕಡಿಮೆ ಮಾಡಬೇಕು. ಲಸಿಕೆಯನ್ನು ಈ ಚೌಕಟ್ಟಿನಲ್ಲಿ ಇಟ್ಟು ಯೋಚಿಸಲು ಬರುತ್ತದೆ. ಆದರೆ ಯೋಚಿಸಬೇಕಾದರೆ ಸೀಸೆಯಲ್ಲಿ ಏನಿದೆ ಎಂದು ಮೊದಲು ಗೊತ್ತಿರಬೇಕು.

ಬ್ಯಾರಿ ಮನೆಯ ಪ್ರಶ್ನೆ ಜಿಲೆಟಿನ್‌ನದು: ಅದು ಹಂದಿಯದೆ? 1995ರಲ್ಲಿ ಕುವೈತಿನ ಇಸ್ಲಾಮಿಕ್ ವೈದ್ಯವಿಜ್ಞಾನ ಸಂಘಟನೆ ಕರೆದ ಸಭೆಯಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಕೂಡಿ, ಒಂದು ವಸ್ತು ಸಂಪೂರ್ಣ ಬದಲಾಗಿ ಬೇರೆಯೇ ಆದರೆ ಅದರ ಮೂಲದ ನಿಷೇಧ ಉಳಿಯದು ಎಂಬ ‘ಇಸ್ತಿಹಾಲಾ’ ತತ್ತ್ವವನ್ನು ಜಿಲೆಟಿನ್‌ಗೂ ಅನ್ವಯಿಸಿದರು. ಮದ್ಯ ಹುಳಿತು ವಿನೆಗರ್ ಆದರೆ ಅದು ಮದ್ಯವಲ್ಲವಷ್ಟೆ, ಹಾಗೆ. ಎಲ್ಲರೂ ಇದನ್ನು ಒಪ್ಪಲಿಲ್ಲ. ಇಂಡೊನೇಷ್ಯದ ಉಲೇಮಾ ಮಂಡಳಿ 2018ರಲ್ಲಿ ಪುಣೆಯ ಇದೇ ದಡಾರ–ರುಬೆಲ್ಲಾ ಲಸಿಕೆಯನ್ನು ಪರಿಶೀಲಿಸಿ, ತಯಾರಿಕೆಯಲ್ಲಿ ಹಂದಿಮೂಲದ ವಸ್ತು ಬಳಕೆಯಾದುದರಿಂದ ಅದು ಹರಾಮ್. ಆದರೆ ಬೇರೆ ಲಸಿಕೆ ಇಲ್ಲದಿರುವುದರಿಂದಲೂ ರೋಗದ ಅಪಾಯ ನಿಜವಾದುದರಿಂದಲೂ ಬಳಸಬಹುದು ಎಂದು ಫತ್ವಾ ಕೊಟ್ಟಿತು.

ಇಲ್ಲಿ ನಮ್ಮ ಪರೀಕ್ಷೆಗೆ ಒಂದು ಅಪೂರ್ವ ಪ್ರಯೋಗವೇ ಸಿಗುತ್ತದೆ. ಇಂಡೊನೇಷ್ಯದ ಅಭಿಯಾನ ಎರಡು ಹಂತಗಳಲ್ಲಿ ನಡೆಯಿತು. 2017ರಲ್ಲಿ ಜಾವಾ ದ್ವೀಪದಲ್ಲಿ ಅದು ಶೇಕಡ 95ರ ಗುರಿಯನ್ನು ದಾಟಿತು. 2018ರಲ್ಲಿ ಉಳಿದ ದ್ವೀಪಗಳಲ್ಲಿ ಬಹಳ ಹಿಂದೆ ಬಿತ್ತು. ಸುಮಾತ್ರದ ಅಚೇ ಪ್ರಾಂತದಲ್ಲಂತೂ ಬಹುಪಾಲು ಮಕ್ಕಳು ಲಸಿಕೆಯಿಲ್ಲದೆ ಉಳಿದರು. ಧರ್ಮ ಅದೇ, ಲಸಿಕೆ ಅದೇ, ಸರಕಾರ ಅದೇ. ನಡುವೆ ಬದಲಾದದ್ದು ಏನು? ‘ಇದರಲ್ಲಿ ಏನಿದೆ?’ ಎಂಬ ಪ್ರಶ್ನೆ ಸಾರ್ವಜನಿಕವಾಗಿ ಎದ್ದಿತ್ತು. ಉತ್ತರ ಅಭಿಯಾನ ಶುರುವಾದ ಮೇಲೆ, ಅದೂ ಎರಡು ತುಂಡಾಗಿ ಬಂತು. ಜನ ಮೊದಲ ತುಂಡನ್ನು ಕೇಳಿಸಿಕೊಂಡರು.

ಹಾಗೆಂದು ಧರ್ಮಕ್ಕೆ ಏನೂ ಪಾತ್ರವಿಲ್ಲ ಎನ್ನಲಾಗದು. 2003ರಲ್ಲಿ ನೈಜೀರಿಯದ ಕಾನೋ ಪ್ರಾಂತದಲ್ಲಿ ಧಾರ್ಮಿಕ, ರಾಜಕೀಯ ನಾಯಕರು ಪೋಲಿಯೊ ಲಸಿಕೆಯನ್ನು ಸುಮಾರು ಒಂದು ವರ್ಷ ತಡೆದರು. ಅಲ್ಲಿಂದ ಹೊರಟ ವೈರಸ್ ಅನೇಕ ದೇಶಗಳಿಗೆ ಹಬ್ಬಿ 2005ರಲ್ಲಿ ಇಂಡೊನೇಷ್ಯವನ್ನೂ ಮುಟ್ಟಿತು. ಆದರೆ ಕಾನೋದಲ್ಲಿ 1996ರ ಮೆದುಳುಪೊರೆ ಜ್ವರದ ಹಾವಳಿಯ ನಡುವೆ ಫೈಜರ್ ಕಂಪನಿ ಮಕ್ಕಳ ಮೇಲೆ ತನ್ನ ಹೊಸ ಔಷಧಿಯ ಪ್ರಯೋಗ ನಡೆಸಿ ವಿವಾದಕ್ಕೆ ಗುರಿಯಾಗಿತ್ತು. ಆ ನೆನಪು ಹಸಿಯಾಗಿದ್ದ ಊರಿನಲ್ಲಿ ಇಮಾಮರು ಮಾತಾಡಿದಾಗ ಜನ ನಂಬಿದ್ದು ಆಶ್ಚರ್ಯವಲ್ಲ. 2011ರಲ್ಲಿ ಅಮೆರಿಕದ ಗುಪ್ತಚರರು ಪಾಕಿಸ್ತಾನದ ಅಬೋಟಾಬಾದಿನಲ್ಲಿ ಹೆಪಟೈಟಿಸ್ ಲಸಿಕೆಯ ನೆಪದಲ್ಲಿ ಬೇಹುಗಾರಿಕೆ ನಡೆಸಿದ್ದು ಎಲ್ಲರಿಗೂ ಗೊತ್ತೇ ಇದೆ. ಅದರ ದಂಡ ತೆತ್ತವರು ಪೋಲಿಯೊ ಕಾರ್ಯಕರ್ತೆಯರು.

ನಮ್ಮ ದೇಶದ ಪೋಲಿಯೊ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಓದಲೇಬೇಕಾದ ಒಂದು ಪುಟವಿದೆ. 2002ರಲ್ಲಿ ಭಾರತದಲ್ಲಿ 1,600 ಮಕ್ಕಳಿಗೆ ಪೋಲಿಯೊ ತಗಲಿತು. ಬಹುಪಾಲು ಉತ್ತರ ಪ್ರದೇಶದಲ್ಲಿ, ಅವರಲ್ಲಿ ಮುಸ್ಲಿಂ ಮಕ್ಕಳ ಪ್ರಮಾಣ ಹೆಚ್ಚು. ವಿವರಣೆ ಸಿದ್ಧವಿತ್ತು: ಮುಸ್ಲಿಮರು ನಿರಾಕರಿಸುತ್ತಿದ್ದಾರೆ. ನಿರಾಕರಣೆ ಇದ್ದದ್ದು ನಿಜ. ಆದರೆ ಅನೇಕ ಮನೆಗಳಲ್ಲಿ ಹತ್ತಾರು ಬಾರಿ ಹನಿ ಹಾಕಿಸಿದ ಮಕ್ಕಳಿಗೂ ರೋಗ ಬಂದಿತ್ತು. ‘ಹನಿ ಕೆಲಸ ಮಾಡುವುದಿಲ್ಲ’ ಎಂದ ತಾಯಂದಿರ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲಾಯಿತು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗ್ರಾಸ್ಲಿ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದಾಗ, ಉತ್ತರ ಪ್ರದೇಶದಲ್ಲಿ ತ್ರಿವಿಧ ಹನಿಯ ಪ್ರತಿ ಡೋಸಿನ ರಕ್ಷಣೆ ಸುಮಾರು ಶೇಕಡ 9 ಮಾತ್ರ ಎಂದಾಯಿತು. ಕಿಕ್ಕಿರಿದ ವಸತಿ, ಕೊಳಚೆ, ಮಕ್ಕಳ ಅತಿಸಾರ, ಕರುಳಿನಲ್ಲಿ ಬೇರೆ ವೈರಸ್‌ಗಳ ಪೈಪೋಟಿ ಇವೆಲ್ಲ ಹನಿಯನ್ನು ಸೋಲಿಸುತ್ತಿದ್ದವು. ತಾಯಂದಿರ ವೀಕ್ಷಣೆ ಸರಿಯಾಗಿತ್ತು! 2005ರಿಂದ ಏಕವಿಧ, 2010ರಿಂದ ದ್ವಿವಿಧ ಹನಿಗಳು ಬಂದವು. ಜೊತೆಗೆ ಊರಿನ ಹೆಂಗಸರೇ ಮನೆಗಳಿಗೆ ಹೋದರು, ಮೌಲ್ವಿಗಳು ಮಾತಾಡಿದರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಕೈಜೋಡಿಸಿತು. ಕೊನೆಯ ಪ್ರಕರಣ 2011ರ ಜನವರಿ 13ರದು. ಸಂಶಯಪಟ್ಟವರನ್ನು ದೂರುತ್ತ ಕುಳಿತಿದ್ದರೆ ಹನಿಯ ದೋಷ ಇನ್ನಷ್ಟು ಕಾಲ ಮರೆಯಲ್ಲೇ ಇರುತ್ತಿತ್ತು.

ಧರ್ಮದ ಹೆಸರಿಲ್ಲದ ನಿರಾಕರಣೆ

ಇನ್ನೊಂದು ಪರೀಕ್ಷೆ ನಮ್ಮ ಬೆಳ್ತಂಗಡಿಯದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ದೊಡ್ಡ ಹಾವಳಿಯೆಬ್ಬಿಸಿತು. ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದ ಸುತ್ತ ಉಣ್ಣೆಗಳ ಮೂಲಕ ಅದು ಹರಡಿತ್ತು. 1990ರ ದಶಕದಿಂದ ಮಂಗನ ಕಾಯಿಲೆಯ ಪ್ರದೇಶಗಳಲ್ಲಿ ಇದಕ್ಕೊಂದು ಲಸಿಕೆ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಮತ್ತೆ ವರ್ಷ ವರ್ಷ ಬೂಸ್ಟರು. ಚುಚ್ಚಿದ ಜಾಗದಲ್ಲಿ ವಿಪರೀತ ನೋವು. 2005ರಿಂದ 2010ರ ತನಕದ ಅಂಕಿಅಂಶಗಳ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಸುಮಾರು ಶೇಕಡ 62, ಬೂಸ್ಟರ್ ಸೇರಿದರೆ ಶೇಕಡ 83. ಮಲೆನಾಡಿನ ಜನ ದೊಡ್ಡ ಸಂಖ್ಯೆಯಲ್ಲಿ ಇದರಿಂದ ತಪ್ಪಿಸಿಕೊಂಡರು. ಕೂಲಿ ಬಿಟ್ಟು ಹೋಗಿ, ಎರಡು ದಿನ ತೋಳು ಎತ್ತಲಾಗದೆ ಕೂರುವುದು ಯಾರಿಗೆ ಬೇಕು? ಲಸಿಕೆಯ ಸಾಮರ್ಥ್ಯ ಕುಂದಿದ್ದು ಸ್ಪಷ್ಟವಾಗಿ 2022ರಲ್ಲಿ ರಾಜ್ಯದಲ್ಲಿ ಅದರ ಬಳಕೆಯೇ ನಿಂತಿತು.

ಹೀಗೆ ತಪ್ಪಿಸಿಕೊಂಡವರಲ್ಲಿ ಎಲ್ಲ ಜಾತಿ ಧರ್ಮಗಳವರಿದ್ದರು. ಯಾವ ವರದಿಯೂ ಇದನ್ನು ‘ಧಾರ್ಮಿಕ ನಿರಾಕರಣೆ’ ಎನ್ನಲಿಲ್ಲ. ನೋವು, ದೂರ, ಕೂಲಿನಷ್ಟ, ಲಸಿಕೆಯ ದೌರ್ಬಲ್ಯ ಎಂದು ಸರಿಯಾಗಿಯೇ ಕಾರಣಗಳನ್ನು ಗುರುತಿಸಿದರು. ಅದೇ ತಪ್ಪಿಸಿಕೊಳ್ಳುವಿಕೆ ಒಂದು ಮಸೀದಿಯ ಸುತ್ತಲಿನ ಕೇರಿಯಲ್ಲಿ ಕಂಡರೆ ಕಾರಣ ಹುಡುಕುವ ಕೆಲಸ ಯಾಕೆ ನಿಲ್ಲುತ್ತದೆ? ಈ ಇಬ್ಬಗೆಯ ಅಳತೆಗೋಲೇ ನನ್ನ ಮುಖ್ಯ ಆಕ್ಷೇಪ.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಸಾಗಿಸಿ ಇಟ್ಟ ರೀತಿಯಲ್ಲಿ ಲೋಪವಾಗಿತ್ತೆಂದು ಆರೋಗ್ಯಾಧಿಕಾರಿಗಳೇ ಹೇಳಿದರು. ಈ ಲಸಿಕೆಯ ಪುಡಿಯನ್ನು ದ್ರವದಲ್ಲಿ ಕದಡಿದ ಮೇಲೆ ಅದರಲ್ಲಿ ಬ್ಯಾಕ್ಟೀರಿಯವನ್ನು ತಡೆಯುವ ರಕ್ಷಕವಿರುವುದಿಲ್ಲ. ಆದುದರಿಂದಲೇ ತಂಪಿನಲ್ಲಿಟ್ಟು 4 ಗಂಟೆಯೊಳಗೆ ಬಳಸಿ ಉಳಿದದ್ದನ್ನು ಎಸೆಯಬೇಕೆಂಬ ನಿಯಮ. ಇದನ್ನು ಮುಚ್ಚಿಟ್ಟು ‘ಸಂಪೂರ್ಣ ಸುರಕ್ಷಿತ’ ಎಂದರೆ ಯಾರು ನಂಬುತ್ತಾರೆ? ನಿಯಮ ಪಾಲಿಸಿದಾಗ ಸುರಕ್ಷಿತ, ನಿಯಮ ಇದು ಎಂದು ಹೇಳಿದರೆ ಪೋಷಕರೇ ಗಡಿಯಾರ ನೋಡಿಯಾರು.

ಗುಂಪಿನ ಗಣಿತ

ಕಾರಣ ಧರ್ಮಶಾಸ್ತ್ರವಲ್ಲದಿದ್ದರೂ ಧಾರ್ಮಿಕ ಸಮುದಾಯ ಎಂಬ ಗುಂಪು ಮುಖ್ಯವಾಗುವ ಒಂದು ಜಾಗವಿದೆ. ಅದು ಗಣಿತದ್ದು. ರಕ್ಷಣೆಯೇ ಇಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿ 12ರಿಂದ 18 ಜನರಿಗೆ ರೋಗ ಹರಡಬಲ್ಲ. 15 ಎಂದಿಟ್ಟುಕೊಳ್ಳಿ. ಹಾವಳಿ ನಿಲ್ಲಬೇಕಾದರೆ ಪ್ರತಿ ರೋಗಿಯಿಂದ ಒಬ್ಬರಿಗಿಂತ ಕಡಿಮೆ ಜನಕ್ಕೆ ಹರಡಬೇಕು. ಅಂದರೆ 15ರಲ್ಲಿ 14 ಜನ, ಸುಮಾರು ಶೇಕಡ 93, ರಕ್ಷಿತರಾಗಿರಬೇಕು.

ಒಂದು ತಾಲೂಕಿನ 10,000 ಮಕ್ಕಳಲ್ಲಿ 9,500 ಮಂದಿ ರಕ್ಷಿತರು ಎನ್ನೋಣ. ಶೇಕಡ 95, ವರದಿ ಚೆನ್ನಾಗಿ ಕಾಣುತ್ತದೆ. ಉಳಿದ 500 ಮಕ್ಕಳು ತಾಲೂಕಿನಲ್ಲೆಲ್ಲ ಚದರಿದ್ದರೆ 40 ಮಕ್ಕಳ ತರಗತಿಗೆ ಇಬ್ಬರು. ಹರಡುವ ಸಂಖ್ಯೆ 15ರ ಶೇಕಡ 5, ಅಂದರೆ 0.75. ರೋಗ ತಾನಾಗಿ ಆರುತ್ತದೆ. ಅದೇ 500ರಲ್ಲಿ 200 ಮಕ್ಕಳು 400 ಮಕ್ಕಳ ಒಂದೇ ಶಾಲೆಯಲ್ಲಿದ್ದರೆ? ಆ ಶಾಲೆಯೊಳಗೆ ಸಂಖ್ಯೆ 15ರ ಅರ್ಧ, 7.5. ತಾಲೂಕಿನ ಸರಾಸರಿ ಎಳ್ಳಷ್ಟೂ ಬದಲಾಗಲಿಲ್ಲ, ಆದರೆ ಆ ಶಾಲೆಗೆ ಬೆಂಕಿ ಬಿದ್ದಂತೆ.

ಒಂದೇ ಪ್ರಾರ್ಥನಾ ಮಂದಿರ, ಒಂದೇ ಶಾಲೆ, ಒಂದೇ ಮದುವೆ ಮನೆಗಳ ಸುತ್ತ ಬದುಕುವ ಜನರಲ್ಲಿ ಭಯವೂ ಒಟ್ಟಿಗೇ ಹರಡುತ್ತದೆ, ವೈರಸ್ಸೂ. 2013–14ರಲ್ಲಿ ನೆದರ್‌ಲೆಂಡ್ಸಿನ ಸಂಪ್ರದಾಯಸ್ಥ ಪ್ರಾಟೆಸ್ಟೆಂಟರಲ್ಲಿ 2,600ಕ್ಕೂ ಹೆಚ್ಚು ದಡಾರ ಪ್ರಕರಣಗಳಾದವು; ದೇಶದ ಸರಾಸರಿ ಶೇಕಡ 95ರ ಆಸುಪಾಸಿತ್ತು. 2018–19ರಲ್ಲಿ ನ್ಯೂಯಾರ್ಕ್ ನಗರದ ಸಂಪ್ರದಾಯಸ್ಥ ಯಹೂದಿ ಬಡಾವಣೆಗಳನ್ನು ಕೇಂದ್ರವಾಗಿಸಿಕೊಂಡು 649 ಪ್ರಕರಣಗಳು. 2025ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಮೆನೊನೈಟ್ ಕ್ರೈಸ್ತರ ನಡುವೆ ಶುರುವಾದ ಹಾವಳಿಯಲ್ಲಿ 762 ಪ್ರಕರಣಗಳು, ಇಬ್ಬರು ಮಕ್ಕಳ ಸಾವು. ಯಹೂದಿ ಧರ್ಮದಲ್ಲಾಗಲಿ ಮೆನೊನೈಟರಲ್ಲಾಗಲಿ ಲಸಿಕೆಗೆ ಶಾಸ್ತ್ರದ ನಿಷೇಧವಿಲ್ಲ. ನಮ್ಮ ನೆರೆಯ ಕೇರಳದ ಮಲಪ್ಪುರಂನಲ್ಲಿ 2016ರಲ್ಲಿ ಡಿಫ್ತೀರಿಯ ಮರಳಿ ಬಂದು ಮಕ್ಕಳನ್ನು ಬಲಿ ತೆಗೆದುಕೊಂಡಾಗಲೂ ಲಸಿಕೆಯ ವಿರುದ್ಧ ಮಾತಾಡುತ್ತಿದ್ದವರಲ್ಲಿ ಪ್ರಕೃತಿ ಚಿಕಿತ್ಸೆಯ ಪ್ರಚಾರಕರಿದ್ದರು. ಭಯದ ಬೀಜ ಎಲ್ಲಿಂದಲೋ ಬರುತ್ತದೆ; ಒತ್ತಾಗಿರುವ ಸಮುದಾಯ ಅದಕ್ಕೆ ನೆಲವಾಗುತ್ತದೆ. ಒತ್ತಾಗಿರುವ ಅದೇ ಸಮುದಾಯ ಒಪ್ಪಿದರೆ ಒಂದು ವಾರದಲ್ಲಿ ಎಲ್ಲರೂ ಒಪ್ಪುತ್ತಾರೆ ಎಂಬುದೂ ಅಷ್ಟೇ ನಿಜ. ಕಾನೋದಲ್ಲಿ 2004ರಲ್ಲಿ ಲಸಿಕೆ ಮತ್ತೆ ಆರಂಭವಾದದ್ದು ಮುಸ್ಲಿಂ ದೇಶವಾದ ಇಂಡೊನೇಷ್ಯದಲ್ಲಿ ತಯಾರಾದ ಹನಿ ತರಿಸಿದಾಗ. ವೈರಸ್ ತಳಿ ಅದೇ, ವಿಧಾನ ಅದೇ, ಸೀಸೆಯ ಮೇಲಿನ ಊರಿನ ಹೆಸರು ಬೇರೆ.

ಭಾರತ ದಡಾರ–ರುಬೆಲ್ಲಾ ನಿರ್ಮೂಲನಕ್ಕೆ 2023ರ ಗುರಿ ಇಟ್ಟುಕೊಂಡು, ಅದು ಕೈತಪ್ಪಿದ ಮೇಲೆ 2026ನ್ನು ಗುರಿಯಾಗಿಸಿಕೊಂಡಿತು. ಶಾಲೆಗಳಿಗೆ ಮತ್ತೆ ಮತ್ತೆ ಲಸಿಕೆಯ ದಿನಗಳು ಬರುತ್ತವೆ. ಅವಕ್ಕೆ ಮುಂಚೆ ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಮಾಡಬಹುದಾದ ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. ಲಸಿಕೆಯ ಪೆಟ್ಟಿಗೆಯೊಳಗೆ ಮಡಚಿಟ್ಟ ಒಂದು ಕಾಗದವಿರುತ್ತದೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಪ್ರತಿ ಘಟಕದ ಹೆಸರು ಅದರಲ್ಲಿದೆ. ಪೆಟ್ಟಿಗೆಯೊಂದಿಗೆ ಅದೂ ಕಸದ ಬುಟ್ಟಿ ಸೇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅಂಥದೊಂದನ್ನು ಕೇಳಿ ತಂದು ಮಕ್ಕಳಿಂದ ಕನ್ನಡದಲ್ಲಿ ಬರೆಸಿರಿ. ಎದುರಿಗೆ ಮೂರು ಕಲಂಗಳು: ಇದು ಎಲ್ಲಿಂದ ಬಂತು, ಇಲ್ಲಿ ಏನು ಕೆಲಸ ಮಾಡುತ್ತದೆ, ಇದರ ಬದಲು ಬೇರೆ ಏನಾದರೂ ಇದೆಯೆ? ಜಿಲೆಟಿನ್‌ನ ಎದುರು ‘ಪ್ರಾಣಿಮೂಲ’ ಎಂದೇ ಬರೆಯಲಿ. ಬರೆದ ಹಾಳೆಯನ್ನು ಒಪ್ಪಿಗೆ ಪತ್ರದ ಜೊತೆ ಮನೆಗೆ ಕಳುಹಿಸಿ, ಬಂದ ಪ್ರಶ್ನೆಗಳನ್ನು ಲಸಿಕೆಯ ದಿನಕ್ಕೆ ಒಂದು ವಾರ ಮುಂಚೆ ಆರೋಗ್ಯ ಕೇಂದ್ರದ ವೈದ್ಯರ ಕೈಗೆ ಕೊಡಿರಿ.